ನೆಲವೇ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸ್ಪೀಕರಿನ ವಿಷಯದಲ್ಲಿ ಈ ಗಾದೆ ತಲೆಕೆಳಗು. ಅಲ್ಲಿ ನಿಜವಾಗಿಯೂ ನೆಲವೇ ಡೊಂಕು. ಬೈಗುಳ ಮಾತ್ರ ಕುಣಿಯುವವಳಿಗೆ.

ಠಾಣೆಯ ಟವರಾಗಲಿ, ಕೋಥ್ರೂಡದ ಸೊಸೈಟಿಯಾಗಲಿ, ವೇಲಚೇರಿಯ ಫ್ಲ್ಯಾಟಾಗಲಿ, ದ್ವಾರಕಾದ ಡಿಡಿಎ ಮನೆಯಾಗಲಿ, ಹಾಲ್‌ನ ನಕ್ಷೆ ಬಹುತೇಕ ಒಂದೇ. ಒಂದು ಗೋಡೆಗೆ ಟಿವಿ ಯೂನಿಟ್, ಎದುರಿನ ಗೋಡೆಗೆ ಬೆನ್ನು ಹಚ್ಚಿದ ಸೋಫಾ, ನಡುವೆ ಟೀಪಾಯಿ. ಐವತ್ತು ಸಾವಿರ ಕೊಟ್ಟು ತಂದ ಜೋಡಿ ಸ್ಪೀಕರಿನಲ್ಲಿ ಒಂದು ಟಿವಿ ಯೂನಿಟ್ಟಿನ ಗೂಡಿನೊಳಗೆ, ಗಣಪತಿಗೂ ಮಗಳ ಪದವಿ ಪ್ರದಾನದ ಫೋಟೊಕ್ಕೂ ನಡುವೆ ಸಿಕ್ಕಿಕೊಂಡಿರುತ್ತದೆ. ಇನ್ನೊಂದಕ್ಕೆ ಅಲ್ಲಿ ಜಾಗ ಸಿಗದೆ ಮೂಲೆಯಲ್ಲಿ, ಪರದೆಯ ಹಿಂದೆ, ನೆಲದ ಮೇಲೆ ಕೂತಿರುತ್ತದೆ. ಹಾಡು ಹಚ್ಚಿದರೆ ದನಿ ಗವಿಯೊಳಗಿಂದ ಬಂದಂತೆ. ತಬಲದ ಎಡ ಗುಂಯ್‌ಗುಡುತ್ತದೆ, ಗಾಯಕನ ಮಾತು ಅದರಡಿ ಮುಚ್ಚಿಹೋಗುತ್ತದೆ. ಆಗ ಮನೆಯಲ್ಲಿ ವಿಚಾರಣೆ ಶುರು. ಮೊದಲ ಆರೋಪಿ ಸ್ಪೀಕರು. ಎರಡನೆಯದು ಆಂಪ್ಲಿಫೈಯರು. ಮೂರನೆಯದು ವಯರು. ಕೋಣೆಯನ್ನು ಮಾತ್ರ ಯಾರೂ ಕಟಕಟೆಗೆ ಕರೆಯುವುದಿಲ್ಲ.

ಮನೆಯಲ್ಲಿ ಸಂಗೀತ ಕೆಟ್ಟದಾಗಿ ಕೇಳಿಸಲು ಮೊದಲ ಕಾರಣ ಯಂತ್ರವಲ್ಲ, ಯಂತ್ರವನ್ನು ಇಟ್ಟ ಜಾಗ. ಇದು ರುಚಿಯ ಮಾತಲ್ಲ, ಹೈಸ್ಕೂಲಿನ ಭೌತಶಾಸ್ತ್ರ. ಇದನ್ನು ಸರಿಪಡಿಸಲು ಒಂದು ಸಂಜೆ, ಒಂದು ಅಳತೆ ಟೇಪು ಮತ್ತು ಮನೆಯವರ ಒಪ್ಪಿಗೆ ಬೇಕು, ದುಡ್ಡು ಬೇಡ. ದುಡ್ಡು ಬೇಡವಾದ್ದರಿಂದಲೇ ಇದನ್ನು ಹೇಳುವವರು ಕಡಿಮೆ. ಸ್ಪೀಕರನ್ನು ಒಂದಡಿ ಈಚೆಗೆ ಎಳೆದರೆ ಯಾರಿಗೂ ಕಮಿಷನ್ ಹುಟ್ಟುವುದಿಲ್ಲ.

ಎರಡು ಡಬ್ಬಿಯಲ್ಲ, ಒಂದು ಜೋಡಿ

ಮೊದಲ ತಪ್ಪು ತಿಳಿವಳಿಕೆ ಇಲ್ಲಿಂದ ಹುಟ್ಟುತ್ತದೆ: ಎರಡು ಸ್ಪೀಕರ್ ಇರುವುದು ಸದ್ದು ಎರಡು ಪಟ್ಟಾಗಲಿ ಎಂದು. ಅಲ್ಲ. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲಿ ಸ್ಟೀರಿಯೋ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದ. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋದಾಗ ನಟ ಪರದೆಯ ಆ ತುದಿಗೆ ನಡೆದರೂ ದನಿ ಮಾತ್ರ ಒಂದೇ ಕಡೆಯಿಂದ ಬರುತ್ತಿದ್ದುದು ಅವನನ್ನು ಕೆಣಕಿತು ಎಂಬ ಕಥೆ ಪ್ರಸಿದ್ಧ. ಮನುಷ್ಯನಿಗೆ ಎರಡು ಕಿವಿ. ಎಡಗಡೆಯ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತದೆ, ಬಲಗಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ತಡವಾಗಿ. ಅಷ್ಟರಲ್ಲೇ ಮಿದುಳು ದಿಕ್ಕು ಹಿಡಿಯುತ್ತದೆ. ಎರಡು ಸ್ಪೀಕರುಗಳು ಕೂಡಿ ಆಡುವ ಆಟ ಇದೇ. ಆಟ ನಡೆದರೆ ಸ್ಪೀಕರುಗಳೇ ಮಾಯವಾಗಿ, ಅವುಗಳ ನಡುವಿನ ಬರಿಗಾಳಿಯಲ್ಲಿ ಗಾಯಕ ಕೂರುತ್ತಾನೆ. ಒಂದು ಕಡೆ ತಬಲ, ಇನ್ನೊಂದು ಕಡೆ ಹಾರ್ಮೋನಿಯಂ, ಬೆನ್ನಿಗೆ ತಂಬೂರಿ.

ಈ ಆಟಕ್ಕೆ ಒಂದು ಷರತ್ತಿದೆ. ಕೇಳುವವರು ಮತ್ತು ಎರಡು ಸ್ಪೀಕರುಗಳು ಕೂಡಿ ಹೆಚ್ಚುಕಡಿಮೆ ಸಮಬಾಹು ತ್ರಿಕೋನವಾಗಬೇಕು. ಒಂದು ಸ್ಪೀಕರ್ ಇನ್ನೊಂದಕ್ಕಿಂತ ಬರೀ ಒಂದಡಿ ಹತ್ತಿರವಿದ್ದರೂ ಅದರ ಸದ್ದು ಸುಮಾರು 0.9 ಮಿಲಿಸೆಕೆಂಡ್ ಮೊದಲು ಬರುತ್ತದೆ. ಮೊದಲು ಬಂದ ಸದ್ದನ್ನೇ ಮಿದುಳು ನಂಬುತ್ತದೆ. ಗಾಯಕ ನಡುವಿನಿಂದ ಎದ್ದು ಹತ್ತಿರದ ಡಬ್ಬಿಯೊಳಗೆ ಹೊಕ್ಕುಬಿಡುತ್ತಾನೆ. ಟಿವಿ ಯೂನಿಟ್ಟಿನಲ್ಲಿ ಒಂದು, ಪರದೆಯ ಮೂಲೆಯಲ್ಲಿ ಒಂದು ಎಂದರೆ ಸ್ಟೀರಿಯೋ ಅಲ್ಲ. ಎರಡು ರೇಡಿಯೋಗಳ ಜಗಳ.

ಪರೀಕ್ಷೆಗೆ ಹೊಸ ರೆಕಾರ್ಡಿಂಗೂ ಬೇಡ. ಹಳೆಯ ಮೋನೊ ರೆಕಾರ್ಡ್ ಸಾಕು. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಕಾಲದ ತಟ್ಟೆಗಳು, ಆಕಾಶವಾಣಿಯ ಹಳೆಯ ಮುದ್ರಿಕೆಗಳು ಮೋನೊ. ಎಡಕ್ಕೂ ಬಲಕ್ಕೂ ಒಂದೇ ಸದ್ದು. ಜಾಗ ಸರಿಯಿದ್ದರೆ ಆ ದನಿ ಎರಡು ಸ್ಪೀಕರುಗಳ ನಟ್ಟನಡುವೆ, ಬೊಟ್ಟು ಮಾಡಿ ತೋರಿಸುವಷ್ಟು ಸ್ಪಷ್ಟವಾಗಿ ನಿಲ್ಲಬೇಕು. ಹರಡಿಕೊಂಡರೆ, ಒಂದು ಪಕ್ಕಕ್ಕೆ ವಾಲಿದರೆ, ಜಾಗ ಕೆಟ್ಟಿದೆ ಅಥವಾ ಒಂದು ಕಡೆ ವಯರಿನ ಪ್ಲಸ್ ಮೈನಸ್ ಅದಲುಬದಲಾಗಿದೆ. ಅಂಗಡಿಯಲ್ಲಿ ಯಾವ ಮೀಟರೂ ಕೊಡದ ತೀರ್ಪನ್ನು ಮನ್ಸೂರರು ಎರಡು ನಿಮಿಷದಲ್ಲಿ ಕೊಡುತ್ತಾರೆ.

ಗೋಡೆಯೂ ಹಾಡುತ್ತದೆ

ಸ್ಪೀಕರಿನ ಸದ್ದೆಲ್ಲ ಮುಂದಕ್ಕೆ ಹೋಗುತ್ತದೆ ಎಂಬುದು ಎರಡನೆಯ ಭ್ರಮೆ. ತಾರಸ್ಥಾಯಿಯ ಸದ್ದು ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಹೋದೀತು. ಮಂದ್ರದ ಸದ್ದು ಮಣ್ಣಿನ ಹಣತೆಯ ಬೆಳಕು. ಸುತ್ತ ನಾಲ್ಕೂ ಕಡೆ ಹರಡುತ್ತದೆ. ಹಿಂದಿನ ಗೋಡೆಗೆ ಹೋಗಿ ಬಡಿದು ಮರಳಿ ಬಂದು ಮುಂದಿನ ಸದ್ದನ್ನು ಕೂಡಿಕೊಳ್ಳುತ್ತದೆ. ಕೆಲವು ಸ್ವರಗಳಲ್ಲಿ ಎರಡೂ ಕೂಡಿ ಉಬ್ಬುತ್ತವೆ, ಕೆಲವು ಸ್ವರಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ.

ಲೆಕ್ಕ ಸರಳ. ಸ್ಪೀಕರಿನ ಮುಖದಿಂದ ಹಿಂದಿನ ಗೋಡೆಗೆ ಇರುವ ದೂರದ ನಾಲ್ಕು ಪಟ್ಟು ಉದ್ದದ ಅಲೆ ಅಳಿಯುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ದೂರ ಎರಡಡಿ ಎಂದಾದರೆ ಸುಮಾರು 140 ಹರ್ಟ್ಸ್ ಹತ್ತಿರ ಕುಳಿ ಬೀಳುತ್ತದೆ. ಹಿಂದೂಸ್ತಾನಿ ಗಾಯಕರಲ್ಲಿ ಅನೇಕರು ಷಡ್ಜ ಹಿಡಿಯುವ ಹಾರ್ಮೋನಿಯಂನ ‘ಕರಿ ಒಂದು’ ಅಲ್ಲೇ ಇದೆ, ಸುಮಾರು 139 ಹರ್ಟ್ಸ್. ಇಡೀ ಸಂಗೀತ ನಿಂತಿರುವ ಸ್ವರದ ಬುಡಕ್ಕೇ ಗುಂಡಿ ತೋಡಿದಂತೆ. ಸ್ವರ ಪೂರ್ತಿ ಮಾಯವಾಗುವುದಿಲ್ಲ, ಅದರ ಮೇಲಿನ ಕಂಪನಗಳು ಉಳಿಯುತ್ತವೆ. ಆದರೆ ದನಿಯ ಮೈ ಸೊರಗುತ್ತದೆ. ಆಗ ಮನೆಯ ಯಜಮಾನ ಹೇಳುತ್ತಾನೆ, “ಈ ಸ್ಪೀಕರಿನಲ್ಲಿ ದಮ್ ಇಲ್ಲ.” ದಮ್ ಇದೆ, ಗೋಡೆ ಕಸಿದಿದೆ. ನಾಲ್ಕಾರು ಇಂಚು ಸರಿಸಿದರೆ ಗುಂಡಿಯೂ ಸರಿಯುತ್ತದೆ. ಅದಕ್ಕೇ ಇಂಚು ಇಂಚಾಗಿ ಸರಿಸಿ ಕೇಳಬೇಕು. ಇಂತಿಷ್ಟೇ ಅಡಿ ಎಂದು ಎಲ್ಲ ಮನೆಗೂ ಹೊಂದುವ ಸೂತ್ರ ಇಲ್ಲ. ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ದೂರ ಒಂದೇ ಆಗಬಾರದು ಎಂಬುದಷ್ಟು ಖಚಿತ. ಒಂದೇ ಆದರೆ ಎರಡು ಗುಂಡಿಗಳು ಒಂದೇ ಕಡೆ ಬೀಳುತ್ತವೆ.

ಮೂಲೆಯ ಕಥೆ ಇದರ ತಿರುವುಮುರುವು. ಒಂದೊಂದು ಗಟ್ಟಿ ಗೋಡೆಯ ಪಕ್ಕಕ್ಕೆ ಹೋದಂತೆಲ್ಲ ತೀರ ಕೆಳಗಿನ ಸ್ವರಗಳು 6 ಡೆಸಿಬೆಲ್‌ವರೆಗೆ ಏರಬಹುದು. ಮೂಲೆಯಲ್ಲಿ ಎರಡು ಗೋಡೆ, ಜೊತೆಗೆ ನೆಲ. ತಬಲದ ಎಡ ಗುಂಯ್‌ಗುಡುವುದು ಇದರಿಂದ. ಮೊದಮೊದಲು ಇದು ‘ಒಳ್ಳೆಯ ಬೇಸ್’ ಎಂದು ಖುಷಿ ಕೊಡುತ್ತದೆ. ಮೂರನೆಯ ದಿನಕ್ಕೆ ತಲೆ ಭಾರವಾಗುತ್ತದೆ, ಆರನೆಯ ದಿನಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ.

ಇನ್ನು ಕೋಣೆಯೇ ಒಂದು ವಾದ್ಯ. ಎದುರುಬದುರು ಗೋಡೆಗಳ ನಡುವಿನ ದೂರದ ಎರಡು ಪಟ್ಟು ಉದ್ದದ ಅಲೆ ಆ ಕೋಣೆಯಲ್ಲಿ ತಾನಾಗಿ ಅನುರಣಿಸುತ್ತದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಹೇಳುವ ಕನಿಷ್ಠ ಅಗಲ 2.4 ಮೀಟರ್. ಆ ಅಗಲದ ಕೋಣೆ ಅನುರಣಿಸುವುದು 70 ಹರ್ಟ್ಸ್ ಸುಮಾರಿಗೆ. ಕರಿ ಒಂದಕ್ಕೆ ಶ್ರುತಿ ಮಾಡಿದ ಗಂಡು ತಂಬೂರಿಯ ಖರ್ಜದ ತಂತಿ ಮಿಡಿಯುವುದೂ ಅಲ್ಲೇ, 69 ಹರ್ಟ್ಸ್. ಅಂಥ ಕೋಣೆಯಲ್ಲಿ ಗೋಡೆಯ ಪಕ್ಕ ಕೂತವರಿಗೆ ಖರ್ಜ ಗುಡುಗುತ್ತದೆ, ನಟ್ಟನಡುವೆ ಕೂತವರಿಗೆ ಅದು ಬಡವಾಗುತ್ತದೆ. ತಂಬೂರಿ ಅದೇ, ರೆಕಾರ್ಡಿಂಗ್ ಅದೇ, ಸ್ಪೀಕರ್ ಅದೇ. ಕೂತ ಜಾಗ ಮಾತ್ರ ಬೇರೆ.

ಇಲ್ಲೇ ವಿದೇಶಿ ಸಲಹೆಗಳನ್ನು ಹಾಗೆಹಾಗೇ ಎತ್ತಿ ತರುವವರ ಎಡವಟ್ಟೂ ಬಯಲಾಗುತ್ತದೆ. ಅಮೆರಿಕದ ಬಹುಪಾಲು ಮನೆಗಳ ಗೋಡೆ ಮರದ ಚೌಕಟ್ಟಿಗೆ ಬಡಿದ ಜಿಪ್ಸಂ ಹಲಗೆ. ಅದು ನಡುಗಿ ಮಂದ್ರದ ಸದ್ದನ್ನು ಒಂದಷ್ಟು ನುಂಗುತ್ತದೆ, ಒಂದಷ್ಟನ್ನು ಹೊರಗೆ ಬಿಡುತ್ತದೆ. ನೆಲಕ್ಕೆ ಕಾರ್ಪೆಟ್. ಮುಂಬಯಿ, ಪುಣೆ, ಚೆನ್ನೈಗಳ ಫ್ಲ್ಯಾಟಿನ ಗೋಡೆ ಇಟ್ಟಿಗೆ, ಬ್ಲಾಕು ಅಥವಾ ಕಾಂಕ್ರೀಟು. ಮೇಲೆ ಕಾಂಕ್ರೀಟ್ ಸ್ಲ್ಯಾಬು, ಕೆಳಗೆ ವಿಟ್ರಿಫೈಡ್ ಟೈಲ್ಸು. ಸದ್ದಿಗೆ ಓಡಿಹೋಗಲು ದಾರಿ ಇಲ್ಲ. ಇಲ್ಲಿ ಜಾಗದ ತಪ್ಪಿಗೆ ಶಿಕ್ಷೆ ಅಲ್ಲಿಗಿಂತ ಜಾಸ್ತಿ. ಹಾಗಾಗಿ ಜಾಗದ ಬಗ್ಗೆ ಅಲ್ಲಿಗಿಂತ ಹೆಚ್ಚು ಮಾತಾಡಬೇಕಾದ್ದು ಇಲ್ಲಿ. ಆಗುತ್ತಿರುವುದು ಉಲ್ಟಾ.

ಕಣ್ಣು ಕೇಳಿಸಿಕೊಂಡದ್ದು

ಹಾಗಾದರೆ ಜನ ಜಾಗ ಬಿಟ್ಟು ಯಂತ್ರವನ್ನೇ ಏಕೆ ದೂರುತ್ತಾರೆ? ಇದಕ್ಕೆ ಒಂದು ಒಳ್ಳೆಯ ಉತ್ತರ 1994ರಲ್ಲೇ ಸಿಕ್ಕಿದೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಧ್ವನಿ ಸಂಶೋಧಕರು ಹಾರ್ಮನ್ ಕಂಪನಿಯಲ್ಲಿ 40 ಮಂದಿ ಕೇಳುಗರಿಗೆ ಒಂದೇ ಸ್ಪೀಕರುಗಳನ್ನು ಎರಡು ಬಗೆಯಲ್ಲಿ ಕೇಳಿಸಿದರು. ಒಮ್ಮೆ ಪರದೆಯ ಹಿಂದೆ, ಯಾವುದು ಯಾವುದೆಂದು ಗೊತ್ತಾಗದಂತೆ, ಒಮ್ಮೆ ಕಣ್ಣೆದುರಿಗೆ. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಸ್ಪೀಕರಿಗೆ ಅಂಕ ಏರಿತು. ಅದು ನಿರೀಕ್ಷಿತ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕಾಣದೆ ಕೇಳಿದಾಗ ಸ್ಪೀಕರಿನ ಜಾಗ ಬದಲಿಸಿದರೆ ಅವರ ಅಭಿಪ್ರಾಯವೂ ಬದಲಾಗುತ್ತಿತ್ತು. ಕಣ್ಣೆದುರು ಇಟ್ಟಾಗ ಜಾಗದಿಂದ ಆದ ನಿಜವಾದ ವ್ಯತ್ಯಾಸಕ್ಕೆ ಅವರ ಕಿವಿ ಬಹುಮಟ್ಟಿಗೆ ಮಂದವಾಯಿತು. ಬ್ರಾಂಡು ಕಂಡ ಕೂಡಲೇ ಜಾಗ ಕೇಳಿಸದೆ ಹೋಯಿತು.

ಇಡೀ ವ್ಯಾಪಾರ ನಿಂತಿರುವುದು ಈ ಕಿವುಡಿನ ಮೇಲೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡು, ಚೆನ್ನೈನ ರಿಚಿ ಸ್ಟ್ರೀಟು, ಬೆಂಗಳೂರಿನ ಎಸ್‌ಪಿ ರೋಡುಗಳ ಸಾದಾ ಅಂಗಡಿಯಿಂದ ಹಿಡಿದು ಏಸಿ ಹಾಕಿದ ಶೋರೂಮಿನವರೆಗೆ ಕೇಳುವ ಮೊದಲ ಪ್ರಶ್ನೆ “ಬಜೆಟ್ ಎಷ್ಟು?” ಕೋಣೆ ಎಷ್ಟು ಅಗಲ, ಸೋಫಾ ಎಲ್ಲಿದೆ, ಸ್ಪೀಕರ್ ಎಲ್ಲಿ ಇಡುತ್ತೀರಿ ಎಂದು ಕೇಳುವ ಅಂಗಡಿಯವರು ಇಲ್ಲವೇ ಇಲ್ಲ ಎಂದಲ್ಲ, ಇದ್ದಾರೆ, ಅಂಥವರ ಗಿರಾಕಿಗಳು ಅವರನ್ನು ಬಿಡುವುದೂ ಇಲ್ಲ. ಆದರೆ ಅವರು ವಿರಳ. ಸ್ಪೀಕರಿನ ಜೊತೆ ಬರುವ ಪುಸ್ತಿಕೆಯಲ್ಲಿ ಜಾಗದ ಚಿತ್ರ ಇದ್ದೇ ಇರುತ್ತದೆ. ಅದು ಥರ್ಮಾಕೋಲಿನ ಜೊತೆ ರದ್ದಿಗೆ ಹೋಗುತ್ತದೆ. ಹೆಸರಿನಲ್ಲೇ ಇನ್ನೊಂದು ಮೋಸ ಇದೆ: ಚಿಕ್ಕ ಸ್ಪೀಕರಿಗೆ ‘ಬುಕ್‌ಶೆಲ್ಫ್ ಸ್ಪೀಕರ್’ ಎಂದು ನಾಮಕರಣ. ಜನ ಹೆಸರನ್ನು ನಂಬಿ ಪುಸ್ತಕದ ಗೂಡಿನೊಳಗೇ ತುರುಕುತ್ತಾರೆ. ಅವುಗಳಲ್ಲಿ ಬಹಳಷ್ಟಕ್ಕೆ ಬೇಕಾದ್ದು ಸುತ್ತ ಗಾಳಿ, ಅಡಿಯಲ್ಲಿ ಗಟ್ಟಿ ಸ್ಟ್ಯಾಂಡು.

ವಯರಿನ ವ್ಯಾಪಾರವನ್ನಂತೂ ಲೆಕ್ಕಕ್ಕೆ ಹಚ್ಚಿ ನೋಡಬೇಕು. ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 2.5 ಚದರ ಮಿ.ಮೀ. ತಾಮ್ರದ ವಯರನ್ನು ಮೂರು ಮೀಟರ್ ಎಳೆದರೆ ಹೋಗಿಬರುವ ದಾರಿಯ ರೋಧ ಸುಮಾರು 0.04 ಓಮ್. 8 ಓಮ್ ಸ್ಪೀಕರಿಗೆ ಅದರಿಂದ ಆಗುವ ನಷ್ಟ 0.05 ಡೆಸಿಬೆಲ್‌ಗಿಂತ ಕಡಿಮೆ. 50 ವಾಟಿನ ಆಂಪ್ಲಿಫೈಯರ್ ತೆಗೆದು 100 ವಾಟಿನದು ತಂದರೆ ಹೆಚ್ಚಿಗೆ ಸಿಗುವುದು 3 ಡೆಸಿಬೆಲ್. ಮೂಲೆಯಿಂದ ಸ್ಪೀಕರನ್ನು ಈಚೆಗೆ ತಂದರೆ ಕೆಲವು ಸ್ವರಗಳಲ್ಲಿ ಆಗುವ ವ್ಯತ್ಯಾಸ 6, 10 ಡೆಸಿಬೆಲ್, ಒಮ್ಮೊಮ್ಮೆ ಅದಕ್ಕೂ ಮೇಲೆ. ಮೊದಲನೆಯದಕ್ಕೆ ಸಾವಿರಗಟ್ಟಲೆ, ಎರಡನೆಯದಕ್ಕೆ ಹತ್ತಾರು ಸಾವಿರ, ಮೂರನೆಯದಕ್ಕೆ ಸೊನ್ನೆ. ಜನ ಖರೀದಿ ಮಾಡುವುದು ಇದೇ ಕ್ರಮದಲ್ಲಿ: ಅತಿ ಕಡಿಮೆ ಫಲ ಕೊಡುವುದನ್ನು ಮೊದಲು, ಪುಕ್ಕಟೆಯದನ್ನು ಎಂದೂ ಇಲ್ಲ.

ಅಜ್ಜನ ಕಿವಿ

ಇದೆಲ್ಲ ಶೋಕಿಯವರ ತಲೆಹರಟೆ, ಸಾಮಾನ್ಯರಿಗೇಕೆ ಎನ್ನುವವರು ಮನೆಯ ಹಿರಿಯರನ್ನು ಒಮ್ಮೆ ಗಮನಿಸಬೇಕು. ಹುಬ್ಬಳ್ಳಿಯಿಂದಲೋ ಕುಂದಾಪುರದಿಂದಲೋ ಮಗನ ಮನೆಗೆ ಬಂದ ಎಪ್ಪತ್ತೈದರ ಹಿರಿಯರು ತಾಳಮದ್ದಳೆಯ ಹಳೆಯ ಧ್ವನಿಮುದ್ರಣ ಹಚ್ಚಿಸಿಕೊಂಡು ಕೂರುತ್ತಾರೆ. ತಾಳಮದ್ದಳೆ ಎಂದರೆ ಮಾತು. ಅರ್ಥಧಾರಿ ಒಂದು ಪದವನ್ನು ಒತ್ತಿ, ಇನ್ನೊಂದನ್ನು ಜಾರಿಸಿ, ಎದುರಾಳಿಯನ್ನು ಸಿಕ್ಕಿಸುವ ಆಟ. ಒಂದು ವ್ಯಂಜನ ತಪ್ಪಿದರೆ ಒಂದು ಏಟು ತಪ್ಪಿದಂತೆ. “ಏನಂದ? ಸ್ವಲ್ಪ ಜೋರು ಮಾಡು” ಎನ್ನುತ್ತಾರೆ. ಜೋರು ಮಾಡುತ್ತಾರೆ. “ಇನ್ನೂ ಸ್ವಲ್ಪ.” ಕೊನೆಗೆ ಮನೆಯವರೆಲ್ಲ ತೀರ್ಮಾನಿಸುತ್ತಾರೆ: ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ.

ಕಿವಿ ಮಂದವಾಗಿದ್ದರೂ ಇರಬಹುದು. ಆದರೆ ವಯಸ್ಸಾದ ಕಿವಿಗೆ ಸದ್ದು ಸಣ್ಣದಾಗುವುದಕ್ಕಿಂತ ಹೆಚ್ಚಿನ ಕಷ್ಟ ಮರುದನಿಯದು. ಟೈಲ್ಸಿನ ನೆಲ, ಬೋಳು ಗೋಡೆ, ಗಾಜಿನ ಕಿಟಕಿಗಳ ಹಾಲ್‌ನಲ್ಲಿ ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಎಳೆಯ ಕಿವಿ ಅದನ್ನು ಹೇಗೋ ಬಿಡಿಸಿಕೊಳ್ಳುತ್ತದೆ, ಹಳೆಯದಕ್ಕೆ ಆಗುವುದಿಲ್ಲ. ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಮರುದನಿಯೂ ಅಷ್ಟೇ ಏರುತ್ತದೆ. ಕಲಸುಮೇಲೋಗರ ದೊಡ್ಡದಾಗುತ್ತದೆ, ಬಿಡಿಸಲು ಬರುವುದಿಲ್ಲ. ಬೇಕಾದ್ದು ಜೋರಲ್ಲ, ಹತ್ತಿರ. ಸ್ಪೀಕರನ್ನು ಗೂಡಿನಿಂದ ಹೊರಗೆ ತಂದು, ಕೇಳುವವರ ಕಡೆಗೆ ಮುಖ ಮಾಡಿಸಿ, ನಾಲ್ಕು ಮೀಟರ್ ದೂರವನ್ನು ಎರಡಕ್ಕೆ ಇಳಿಸಿದರೆ ನೇರವಾಗಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ, ಮರುದನಿ ಮಾತ್ರ ಇದ್ದಷ್ಟೇ ಇರುತ್ತದೆ. ಮಾತು ಬಿಡಿಬಿಡಿಯಾಗುತ್ತದೆ.

ಮರುದನಿಯನ್ನು ಪಳಗಿಸುವ ವಿದ್ಯೆಯೇ ಮನೆಯ ಹಾಸಿಗೆ ದಿಂಬಿನಿಂದ ಹುಟ್ಟಿದ್ದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಸುತ್ತುತ್ತಿತ್ತು. ವಾಲೇಸ್ ಸಬೀನ್ ಎಂಬ ಯುವ ಅಧ್ಯಾಪಕ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರವಿ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಸಾಯುವವರೆಗಿನ ಹೊತ್ತನ್ನು ಗಡಿಯಾರ ಹಿಡಿದು ಅಳೆದ. ಮೆತ್ತೆ ಹೆಚ್ಚಿದಂತೆ ಮರುದನಿ ಕುಗ್ಗುವ ಲೆಕ್ಕ ಅವನಿಗೆ ಸಿಕ್ಕಿತು. ಜಗತ್ತಿನ ಸಭಾಂಗಣಗಳನ್ನು ಕಟ್ಟುವವರು ಇಂದಿಗೂ ಅವನ ಸೂತ್ರ ಬಳಸುತ್ತಾರೆ. ಅದೇ ಸೂತ್ರ ಹಾಕಿದರೆ ಸಾಮಾನಿಲ್ಲದ 16 ಅಡಿಗೆ 12 ಅಡಿಯ ಟೈಲ್ಸ್ ಹಾಲ್‌ನಲ್ಲಿ ಮರುದನಿ ಎರಡು ಸೆಕೆಂಡು ಮೀರುತ್ತದೆ. ಸೋಫಾ, ಗಾದಿ, ದಪ್ಪ ಪರದೆ, ಪುಸ್ತಕದ ಕಪಾಟು ಬಂದರೆ ಒಂದು ಸೆಕೆಂಡಿನೊಳಗೆ ಇಳಿಯುತ್ತದೆ. ಪಕ್ಕದ ಗೋಡೆಗೆ ಊರಿನಿಂದ ತಂದ ಕೌದಿಯನ್ನು ಗೋಡೆಯಿಂದ ಎರಡಿಂಚು ಬಿಟ್ಟು ತೂಗಿದರೆ, ಸ್ಪೀಕರಿಗೂ ಕೇಳುವವರಿಗೂ ನಡುವೆ ನವಲಗುಂದದ ಜಮಖಾನ ಹಾಸಿದರೆ, ಮಾತಿನ ಕಿರಿಕಿರಿ ಮಟ್ಟಿಗೆ ಅವು ಕೆಲಸ ಮಾಡುತ್ತವೆ. ಮಂದ್ರದ ಗುಂಯ್‌ಕಾರಕ್ಕೆ ಅಷ್ಟು ತೆಳುವು ಸಾಲದು. ಅದಕ್ಕೆ ಮದ್ದು ಜಾಗ ಬದಲಾವಣೆಯೇ. ‘ಅಕೌಸ್ಟಿಕ್ ಪ್ಯಾನೆಲ್’ ಎಂದು ಒಂದಿಂಚಿನ ಫೋಮಿನ ತುಂಡುಗಳನ್ನು ಮಾರುವವರು ಈ ಎರಡನೆಯ ವಾಕ್ಯವನ್ನು ಹೇಳುವುದಿಲ್ಲ.

ಹಾಲ್ ಯಾರದು?

ಆಡಿಯೋ ಹುಚ್ಚಿನವರ ಲೋಕದಲ್ಲಿ ದಶಕಗಳಿಂದ ಒಂದು ಚಾಳಿಯ ಮಾತಿದೆ: ‘ಡಬ್ಲ್ಯೂಎಎಫ್’. ಹೆಂಡತಿ ಎಷ್ಟರಮಟ್ಟಿಗೆ ಒಪ್ಪಿಯಾಳು ಎಂಬುದರ ಅಳತೆಯಂತೆ. ಸ್ಪೀಕರ್ ಗೂಡಿನಲ್ಲಿ ಇರುವುದಕ್ಕೆ ಅವಳೇ ಕಾರಣ, ಅವಳಿಗೆ ಸಂಗೀತ ತಿಳಿಯದು, ಅವಳಿಗೆ ಬೇಕಾದ್ದು ಶೋಕೇಸು ಎಂಬ ನಗೆಚಾಟಿಕೆ. ಈ ನಗೆ ಸುಳ್ಳಿನದು. ಗುಡಿಸುವಾಗ ವಯರು ಎಡವುವುದು ಯಾರಿಗೆ? ಮಗು ಸ್ಟ್ಯಾಂಡ್ ಹಿಡಿದು ಎಳೆದರೆ ಓಡಿಬರಬೇಕಾದ್ದು ಯಾರು? ಗಂಡ ಒಬ್ಬನೇ ಅಂಗಡಿಗೆ ಹೋಗಿ, ಒಬ್ಬನೇ ಆರಿಸಿ, ಮನೆಯ ಅರ್ಧ ಹಾಲ್ ತಿನ್ನುವ ವಸ್ತುವನ್ನು ತಂದು ನಿಲ್ಲಿಸಿದ ಮೇಲೆ “ಇದನ್ನು ಮೂಲೆಗೆ ಸರಿಸ್ರಿ” ಎಂದವಳ ಮಾತು ಅರಸಿಕತೆಯಲ್ಲ, ವ್ಯವಹಾರಜ್ಞಾನ. ಅವಳನ್ನು ಕೇಳುವ ಜಾಗದಲ್ಲಿ ಕೂರಿಸಿ, ಅವಳಿಗೆ ಬೇಕಾದ ಹಾಡನ್ನು ಮೂಲೆಯಿಂದಲೊಮ್ಮೆ, ಈಚೆಗೆ ತಂದು ಒಮ್ಮೆ ಕೇಳಿಸಿದವರು ಎಷ್ಟು ಮಂದಿ?

ನಿಜವಾದ ಎದುರಾಳಿ ಅವಳಲ್ಲ, ಟಿವಿ. ಹಾಲ್ ಎಂದರೆ ಟಿವಿಯ ಗರ್ಭಗುಡಿ ಎಂದು ಇಂಟೀರಿಯರ್ ಡಿಸೈನರು, ಬಡಗಿ, ಬಿಲ್ಡರು ಸೇರಿ ನಿರ್ಧರಿಸಿಬಿಟ್ಟಿದ್ದಾರೆ. ಪ್ಲಗ್ ಪಾಯಿಂಟುಗಳೆಲ್ಲ ಒಂದೇ ಗೋಡೆಗೆ. ಸೋಫಾ ಅದಕ್ಕೆ ಎದುರಾಗಿ ಹಿಂದಿನ ಗೋಡೆಗೆ ಅಂಟಿಕೊಂಡು. ಗೋಡೆಗೆ ಅಂಟಿ ಕೂತವರಿಗೆ ಮಂದ್ರದ ಉಬ್ಬು ಅತಿ ಹೆಚ್ಚು ಎಂಬುದು ಯಾರ ತಲೆಗೂ ಬಂದಿಲ್ಲ. ಕಣ್ಣಿಗೆ ಒಂದು ಇಡೀ ಕೋಣೆ, ಕಿವಿಗೆ ಉಳಿದ ಮೂಲೆ.

ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಸೀಮೆಯ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋಗಲು ರಜೆ ಹಾಕುವ ಕನ್ನಡಿಗರಿದ್ದಾರೆ. ಮೂರು ತಾಸು ಜಮಖಾನದ ಮೇಲೆ ಕಾಲು ಮಡಚಿ ಕೂರಬಲ್ಲವರು, ಅದೇ ಗಾಯಕರ ರೆಕಾರ್ಡನ್ನು ಮನೆಯಲ್ಲಿ ಹತ್ತು ನಿಮಿಷ ಕೇಳಿ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ತಾಳ್ಮೆ ಕಡಿಮೆಯಾಗಿದೆ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಗಾಯಕನಿಗೆ ಕೂರಲು ಜಾಗ ಕೊಡದೆ ಅವನು ಹಾಡಿ ರಂಜಿಸಬೇಕು ಎನ್ನುವುದು ಯಾವ ಊರಿನ ಆತಿಥ್ಯ?

ಚಿಕ್ಕ ಮನೆಯ ನೆಪ

“ಇದೆಲ್ಲ ಬಂಗಲೆಯವರಿಗೆ, ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಹೇಗೆ?” ಎಂಬ ಆಕ್ಷೇಪ ಬಂದೇ ಬರುತ್ತದೆ. ಆಕ್ಷೇಪದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಹಾಡು ಕೇಳುವುದು ದಿನಕ್ಕೆ ಒಂದು ತಾಸು. ಆ ಒಂದು ತಾಸಿಗೆ ಸ್ಪೀಕರನ್ನು ಈಚೆಗೆ ಎಳೆದು, ಮುಗಿದ ಮೇಲೆ ಹಿಂದಕ್ಕೆ ತಳ್ಳಬಹುದು. ಊಟಕ್ಕೆ ಹಾಸಿದ ಚಾಪೆಯನ್ನು ಸುತ್ತಿ ಇಡುವ, ರಾತ್ರಿ ಗಾದಿ ಬಿಡಿಸಿ ಬೆಳಿಗ್ಗೆ ಮಡಚುವ ಸಂಸಾರಗಳಿಗೆ ಇದು ಹೊಸ ವಿದ್ಯೆಯಲ್ಲ. ನೆಲದ ಮೇಲೆ ಎರಡು ಕಡೆ ಬಣ್ಣದ ಟೇಪಿನ ಗುರುತು ಹಾಕಿಟ್ಟರೆ ದಿನವೂ ಅಳೆಯುವುದೂ ಬೇಡ.

ಚಿಕ್ಕ ಕೋಣೆಗೆ ತನ್ನದೇ ಒಂದು ಲಾಭವೂ ಇದೆ. ಒಂದೂವರೆ ಮೀಟರಿನ ತ್ರಿಕೋನ ಸಾಕು. ಅಷ್ಟು ಹತ್ತಿರ ಕೂತರೆ ಕೋಣೆಯ ಮರುದನಿಗಿಂತ ಸ್ಪೀಕರಿನ ನೇರ ದನಿ ಮೇಲುಗೈ ಪಡೆಯುತ್ತದೆ, ವಾಲ್ಯೂಮೂ ಕಡಿಮೆ ಸಾಕು, ಕೆಳಗಿನ ಮನೆಯವರಿಗೂ ನಿದ್ದೆ. ಸ್ಟುಡಿಯೋಗಳಲ್ಲಿ ಎಂಜಿನಿಯರುಗಳು ಹೀಗೇ ಕೂತು ಕೇಳುತ್ತಾರೆ. ಎತ್ತರದ ವಿಷಯದಲ್ಲೂ ಹಾಗೆಯೇ: ಚಿಕ್ಕ ಟ್ವೀಟರು ಕೇಳುವವರ ಕಿವಿಯ ಮಟ್ಟಕ್ಕೆ ಬರಬೇಕು. ಸೋಫಾದಲ್ಲಿ ಕೂತವರ ಕಿವಿ ನೆಲದಿಂದ ಸುಮಾರು ಒಂದು ಮೀಟರ್, ಚಕ್ಕಳಮಕ್ಕಳ ಹಾಕಿ ಕೂತವರದು ಮುಕ್ಕಾಲು ಮೀಟರ್. ವಿದೇಶಿ ಸ್ಟ್ಯಾಂಡುಗಳು ಸೋಫಾಕ್ಕೆ ಹೊಲಿದ ಅಂಗಿ. ನೆಲದಲ್ಲಿ ಗಾದಿ ಹಾಕಿ ಕೇಳುವ ಮನೆಗೆ ಗಟ್ಟಿಮುಟ್ಟಾದ ಎರಡು ಗಿಡ್ಡ ಸ್ಟೂಲು ಸಾಕು, ಅಡಿಯಲ್ಲಿ ರಬ್ಬರಿನ ತುಂಡು.

ಈಚೆಗೆ ಎಳೆಯಲು ಸಾಧ್ಯವೇ ಇಲ್ಲ ಎನ್ನುವವರಿಗೆ ಪ್ರಾಮಾಣಿಕವಾದ ಎರಡನೆಯ ದಾರಿ: ಅರ್ಧಂಬರ್ಧ ದೂರ ಬಿಟ್ಟು ಗೋಡೆಗೆ ತೀರ ಹತ್ತಿರ ಇಡುವುದು, ಆದರೆ ಮೂಲೆ ಬಿಟ್ಟು, ಗೂಡು ಬಿಟ್ಟು. ಆಗ ಅಳಿಸುವ ಗುಂಡಿ ಮೇಲಿನ ಸ್ವರಗಳ ಕಡೆಗೆ ಸರಿದು ಅದರ ಕಾಟ ಕಡಿಮೆಯಾಗುತ್ತದೆ. ಉಬ್ಬಿದ ಮಂದ್ರವನ್ನು ಬೇಸ್ ಗುಂಡಿ ತಿರುಗಿಸಿ ಇಳಿಸಬಹುದು. ಬೇಸ್ ಇಳಿಸುವುದು ಪಾಪವಲ್ಲ. ಕೋಣೆಯನ್ನು ಅಳೆದು ತಿದ್ದುವ ಸಾಫ್ಟ್‌ವೇರುಗಳೂ ಬಂದಿವೆ. ಅವು ಉಬ್ಬನ್ನು ಕೆತ್ತಬಲ್ಲವು. ಗೋಡೆ ಅಳಿಸಿದ ಸ್ವರವನ್ನು ಮಾತ್ರ ಮರಳಿ ತರಲಾರವು, ಏಕೆಂದರೆ ಅಲ್ಲಿ ಎಷ್ಟು ಸುರಿದರೂ ಗೋಡೆ ಅಷ್ಟನ್ನೂ ಅಳಿಸುತ್ತದೆ. ಯಂತ್ರದ ಬುದ್ಧಿಯೂ ಜಾಗದ ಮುಂದೆ ಸಾಲದು. ಇನ್ನು, ಮನೆಯಲ್ಲಿ ಟಿವಿ ಮಾತ್ರ ನೋಡುವವರು, ಹಾಡಿಗೆಂದು ಎಂದೂ ಕೂರದವರು ಸ್ಪೀಕರ್ ಕೊಳ್ಳಲೇಬಾರದು. ಟಿವಿಯ ಕೆಳಗೆ ಒಂದು ಸೌಂಡ್‌ಬಾರ್ ಸಾಕು; ತಪ್ಪು ಜಾಗದ ಜೋಡಿಗಿಂತ ಅದು ಎಷ್ಟೋ ಮೇಲು.

ಬದಲಾಗಬೇಕಾದ್ದು ಮೊದಲು ಅಂಗಡಿಯ ಸಂಭಾಷಣೆ. ಗಿರಾಕಿಯೇ ಮನೆಯ ಹಾಲ್‌ನ ಅಳತೆ, ಬಾಗಿಲು ಕಿಟಕಿ ಸೋಫಾಗಳ ಗುರುತು ಇರುವ ಒಂದು ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು. ಬೆಲೆ ಕೇಳುವ ಮೊದಲು “ಇದನ್ನು ಈ ಕೋಣೆಯಲ್ಲಿ ಎಲ್ಲಿ ಇಡಲಿ?” ಎಂದು ಕೇಳಬೇಕು. ಚೀಟಿ ಬಿಡಿಸಿ ನೋಡಿ, “ಇಷ್ಟು ಚಿಕ್ಕ ಕೋಣೆಗೆ ಇದು ದೊಡ್ಡದಾಯಿತು, ಅದು ಸಾಕು” ಎನ್ನುವವನಿಂದ ಕೊಳ್ಳಬೇಕು. ಚೀಟಿಯತ್ತ ತಿರುಗಿಯೂ ನೋಡದೆ ಮೇಲಿನ ಮಾಡೆಲ್ ತೋರಿಸುವವನ ಅಂಗಡಿಯಿಂದ ಎದ್ದು ಬರಬೇಕು. ಈಗಾಗಲೇ ಕೊಂಡವರು ಹೊಸದನ್ನು ಕೊಳ್ಳುವ ಮಾತು ಎತ್ತುವ ಮೊದಲು ಒಂದು ಭಾನುವಾರ ಮನೆಯವರೆಲ್ಲ ಸೇರಿ ಸ್ಪೀಕರುಗಳನ್ನು ಗೂಡಿನಿಂದ ಬಿಡಿಸಬೇಕು, ಹಳೆಯ ಮೋನೊ ರೆಕಾರ್ಡ್ ಹಚ್ಚಿ, ದನಿ ನಟ್ಟನಡುವೆ ಬಂದು ನಿಲ್ಲುವವರೆಗೆ ಇಂಚಿಂಚು ಸರಿಸಬೇಕು. ಅದಾದ ಮೇಲೂ ಹಾಡು ಸೊರಗಿದ್ದರೆ ಸ್ಪೀಕರನ್ನು ಧಾರಾಳವಾಗಿ ಬೈಯಲಿ. ಕುಣಿಯುವವಳನ್ನು ದೂರುವ ಹಕ್ಕು ಬರುವುದು ನೆಲ ಸಮ ಮಾಡಿಕೊಟ್ಟವರಿಗೆ ಮಾತ್ರ.